ಒಂದು ಸಲ ಒತ್ತಿದರೆ ಒಂದೇ ಅಕ್ಷರ

ಅಪ್ಪ ನೆಟ್‌ಬುಕ್ ಬೇಕೆಂದು ಹಟ ಹಿಡಿದದ್ದು ಅವ್ವನ ಮೇಲಿನ ಸಿಟ್ಟಿನಿಂದ.

ಜಮಖಂಡಿಯಲ್ಲಿ ಅಪ್ಪನ ಅಕ್ಕ ಇದ್ದಾಳೆ, ನನಗೆ ಅತ್ತಿ. ಆಕೆಗೆ ಕಿವಿ ಕೇಳಿಸುವುದು ನಿಂತು ಬಹಳ ವರ್ಷವಾಯಿತು. ಫೋನಿನಲ್ಲಿ ಮಾತಾಡುವ ಹಾಗಿಲ್ಲ. ವಿಡಿಯೋ ಕಾಲ್ ಮಾಡಿದರೆ, "ನಿಮ್ಮ ಬಾಯಿ ಅಲುಗೋದು ಅಷ್ಟ ಕಾಣಸ್ತದ, ಏನ್ ಅಂದ್ರಿ ಅಂತ ಗೊತ್ತಾಗೂದಿಲ್ಲ, ಜೀವಕ್ಕ ಸಂಕಟ ಆಗ್ತದ" ಎಂದು ಫೋನನ್ನು ಮೊಮ್ಮಗಳ ಕೈಗೆ ಕೊಟ್ಟು ಎದ್ದು ಹೋಗುತ್ತಾಳೆ. ಕಣ್ಣು ಮಾತ್ರ ಈಗಲೂ ಚುರುಕು. ಹೀಗಾಗಿ ಅಕ್ಕ ತಮ್ಮ ಇಬ್ಬರೂ ಈ ಕಾಲದಲ್ಲೂ ಪತ್ರ ಬರೆಯುತ್ತಾರೆ. ವಾರಕ್ಕೊಂದು ಇಲ್ಲಿಂದ, ಒಂದು ಅಲ್ಲಿಂದ. ನಾನು ಹುಟ್ಟುವ ಮೊದಲಿನಿಂದ ನಡೆದು ಬಂದದ್ದು ಇದು.

ಅಪ್ಪನ ಅಕ್ಷರ ನೋಡುವ ಹಾಗಿರುತ್ತಿತ್ತು. ಪಿಂಪ್ರಿಯ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಜೀವಮಾನವಿಡೀ ಕೆಲಸ ಮಾಡಿದವನು. ಗೇರು, ಶಾಫ್ಟು, ಬುಷ್ ಇಂಥವನ್ನೆಲ್ಲ ಅಳೆದು ಪಾಸು ಇಲ್ಲವೇ ಫೇಲು ಎಂದು ಹೇಳುವುದು ಅವನ ಕೆಲಸ. ಡ್ರಾಯಿಂಗ್ ಹಾಳೆಯ ಮೇಲೆ ಅಳತೆ ಬರೆದು ಬರೆದು, ಕನ್ನಡವನ್ನೂ ಹಾಗೆಯೇ ಬರೆಯುತ್ತಿದ್ದ. ಎಲ್ಲ ಅಕ್ಷರಕ್ಕೂ ಒಂದೇ ಎತ್ತರ, ಒತ್ತಕ್ಷರಗಳೆಲ್ಲ ಒಂದೇ ಗೆರೆಯಲ್ಲಿ. ನಾನು ಮರಾಠಿ ಶಾಲೆಯಲ್ಲಿ ಓದಿದವಳು. ಕನ್ನಡ ಕಲಿತದ್ದು ಅಪ್ಪ ಅತ್ತಿಗೆ ಬರೆದ ಪತ್ರಗಳನ್ನು ಟಪಾಲಿಗೆ ಹಾಕುವ ಮೊದಲು ಓದಿ ಓದಿ.

ಮೂರು ವರ್ಷದ ಹಿಂದೆ ಅಪ್ಪನ ಬಲಗೈ ನಡುಗಲು ಶುರುವಾಯಿತು. ಚಹಾದ ಕಪ್ಪು ಬಸಿಯ ಮೇಲೆ ಕಟಕಟ ಅನ್ನತೊಡಗಿದಾಗ ಡಾಕ್ಟರ ಹತ್ತಿರ ಹೋದೆವು. ದೊಡ್ಡ ರೋಗವೇನೂ ಅಲ್ಲ, ಕೆಲವರಿಗೆ ವಯಸ್ಸಿಗೆ ಬರುವ ನಡುಕ, ಮಾತ್ರೆಯಿಂದ ಸ್ವಲ್ಪ ಹಿಡಿತಕ್ಕೆ ಬರುತ್ತದೆ, ಪೂರ್ತಿ ಹೋಗುವುದಿಲ್ಲ ಎಂದು ಅವರು ಹೇಳಿದರು. ಅಪ್ಪ ಎಡಗೈಯಿಂದ ಊಟ ಮಾಡಲು ಒಪ್ಪಲಿಲ್ಲ, ಚಮಚಕ್ಕೂ ಒಪ್ಪಲಿಲ್ಲ. ಆದರೆ ಪತ್ರ ಬರೆಯುವುದು ನಿಂತಿತು. ಬರೆದದ್ದನ್ನು ತಾನೇ ನೋಡಿ, ಹಾಳೆಯನ್ನು ಸಣ್ಣಗೆ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡುಬಿಡುತ್ತಿದ್ದ. ಆಮೇಲೆ ಅದು ಎಲ್ಲಿ ಹೋಗುತ್ತಿತ್ತೋ ನಾವು ಕೇಳಲಿಲ್ಲ.

ಆಗ ಅವ್ವ ಬರೆಯಲು ಕೂತಳು. ಅಪ್ಪ ಹೇಳುವುದು, ಅವ್ವ ಬರೆಯುವುದು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಕೂಡುತ್ತಿದ್ದರು. ಅಪ್ಪ ಬಾಲ್ಕನಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು, "ಸೊಸಾಯಟಿಯ ಅಂಗಳದಾಗಿನ ಪೇರಲ ಗಿಡಕ್ಕ ಈ ಸಲ ಭಾಳ ಕಾಯಿ ಬಿಟ್ಟಾವ" ಅನ್ನುತ್ತಿದ್ದ. ಅವ್ವ ಬರೆಯುತ್ತಿದ್ದಳು. ಸುಮಾರು ಒಂದು ವರ್ಷ ಹೀಗೆ ನಡೆಯಿತು. ಅತ್ತಿಯ ಉತ್ತರಗಳು ಮಾತ್ರ ಬರಬರುತ್ತ ವಿಚಿತ್ರವಾಗತೊಡಗಿದವು. ಪೇರಲ ಹಣ್ಣಿನ ಸುದ್ದಿಗೆ ಉತ್ತರವೇ ಇಲ್ಲ. ಬದಲಿಗೆ, "ಮಾತ್ರಿ ತಪ್ಪಸಬ್ಯಾಡ. ಉಪ್ಪಿನಕಾಯಿ ಬಿಡು. ಹೆಂಡತಿ ಹೇಳಿದ್ದು ಕೇಳು."

ಒಂದು ಶನಿವಾರ ಅಪ್ಪನಿಗೆ ಅನುಮಾನ ಬಂದು, ಅವ್ವ ಬರೆದ ಹಾಳೆಯನ್ನು ಕೈಯಿಂದ ಇಸಿದುಕೊಂಡು ಓದಿದ. ಪೇರಲ ಗಿಡ ಇರಲಿಲ್ಲ. ಕಾರ್ಖಾನೆಯ ಹಳೆಯ ಗೆಳೆಯ ಭೋರ್‌ನಲ್ಲಿ ಹೊಲ ತೆಗೆದುಕೊಂಡ ಸುದ್ದಿ ಇರಲಿಲ್ಲ. ಇದ್ದದ್ದೆಲ್ಲ ಅಪ್ಪನ ರಕ್ತದೊತ್ತಡ, ಅಪ್ಪನ ಹಟ, ಅಪ್ಪ ಕದ್ದು ತಿಂದ ಉಪ್ಪಿನಕಾಯಿ.

"ಇದು ನನ್ನ ಪತ್ರ ಏನ?" ಅಂದ ಅಪ್ಪ.

"ನಿಮ್ಮ ಪತ್ರನ. ಮುಖ್ಯ ಸುದ್ದಿ ಬರದೀನಿ ನೋಡ್ರಿ" ಅಂದಳು ಅವ್ವ. ಆಕೆಗೆ ಒಂದಿಷ್ಟೂ ನಾಚಿಕೆ ಇರಲಿಲ್ಲ. "ಪೇರಲಕಾಯಿ ಸುದ್ದಿ ತಗೊಂಡು ನಿಮ್ಮಕ್ಕ ಏನ್ ಮಾಡ್ತಾರ?"

ನಾನು ನಗು ತಡೆಯಲಾರದೆ ಅಡಿಗೆಮನೆಗೆ ಹೋದೆ. ಅಪ್ಪ ಅಲ್ಲಿಯೂ ಹಿಂದೆ ಬಂದ. "ನಗಬ್ಯಾಡ. ನಾಳೆ ನನಗ ಒಂದು ನೆಟ್‌ಬುಕ್ ಕೊಡಸು. ನಾನ ಬರಕೋತೀನಿ."

ನೆಟ್‌ಬುಕ್ ಎನ್ನುವ ಮಾತನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು. ಪುಸ್ತಕದಷ್ಟೇ ಇರುವ ಸಣ್ಣ ಲ್ಯಾಪ್‌ಟಾಪಿಗೆ ಹಿಂದೆ ಹಾಗನ್ನುತ್ತಿದ್ದರು. ಅಪ್ಪನ ನೌಕರಿಯ ಕೊನೆಯ ದಿನಗಳಲ್ಲಿ ಒಬ್ಬ ಇಂಜಿನಿಯರ್ ಅಂಥದ್ದೊಂದನ್ನು ಬಗಲಲ್ಲಿಟ್ಟುಕೊಂಡು ಬರುತ್ತಿದ್ದನಂತೆ. ಅಳತೆಯ ಟೇಬಲ್ಲಿನ ಮೂಲೆಯಲ್ಲಿ ಇಟ್ಟರೆ ಜಾಗವೇ ಹಿಡಿಯುತ್ತಿರಲಿಲ್ಲವಂತೆ. ಅದು ಅಪ್ಪನ ಮನಸ್ಸಿನಲ್ಲಿ ಉಳಿದಿತ್ತು. ನನ್ನ ಆಫೀಸಿನ ಲ್ಯಾಪ್‌ಟಾಪು ತೋರಿಸಿದರೆ, "ಇದು ಇಟ್ಟರ ಬಾಲ್ಕನಿಯೊಳಗ ನಾ ಎಲ್ಲಿ ಕೂಡ್ಲಿ?" ಅಂದ.

ಅಪ್ಪ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ನನ್ನ ಕೈಯಿಂದ ಷರತ್ತುಗಳನ್ನು ಬರೆಸಿದ. ತೊಡೆಯ ಮೇಲೆ ಕೂಡಬೇಕು. ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ ಇರಬೇಕು. ಮುಚ್ಚಳದ ತಿರುಗಣಿ ಸಡಿಲ ಇರಬಾರದು. ಅಕ್ಷರದ ಕೀಗಳು ಬೆರಳಿಗೆ ಗೊತ್ತಾಗಬೇಕು. ಹದಿನೈದು ಸಾವಿರದ ಒಳಗೆ ಬರಬೇಕು, ಅದೂ ಅವನ ಪೆನ್ಶನ್ನಿನಿಂದ. "ನೀ ಒಂದು ರೂಪಾಯಿ ಹಾಕಿದ್ರ ಆಮ್ಯಾಲ ನಿಮ್ಮವ್ವ ಅದರಾಗೂ ಪಾಲು ಕೇಳ್ತಾಳ" ಅಂದ. ನಾನು ಹಿಂಜವಡಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಕಂಪ್ಯೂಟರ್ ವಿಷಯದಲ್ಲಿ ಅಪ್ಪ ನನಗೆ ಷರತ್ತು ಬರೆಸುತ್ತಿರುವುದು ನನಗೆ ತಮಾಷೆ ಅನಿಸಿತ್ತು. ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಮರೆತುಬಿಟ್ಟೆ.

ನಾನು ಮಾಡಿದ ತಪ್ಪು ಅದು. ಆನ್‌ಲೈನಿನಲ್ಲಿ ಹುಡುಕಿ, ತೆಳ್ಳಗಿನ, ಬೆಳ್ಳಿಯಂಥ ಬಣ್ಣದ, ನೋಡಲು ಚೆಂದದ ಒಂದನ್ನು ಅಪ್ಪನಿಗೆ ತಿಳಿಸದೆ ತರಿಸಿದೆ. ಬೆಲೆ ಅವನು ಹೇಳಿದ್ದಕ್ಕಿಂತ ಬಹಳ ಹೆಚ್ಚು. ಅರ್ಧ ಬೆಲೆಗೆ ಸಿಕ್ಕಿತು ಎಂದು ಸುಳ್ಳು ಹೇಳುವುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ.

ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದ. ಸ್ಟೀಲಿನ ಸಣ್ಣ ಪಟ್ಟಿ ತಂದು ಅಂಚು ಅಳೆದ. ಮುಚ್ಚಳವನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ಕಿವಿಗೊಟ್ಟು ಕೇಳಿದ. "ಮಾಲು ಛಲೋ ಅದ" ಅಂದ. ಆಮೇಲೆ ಬರೆಯಲು ಕೂತ. ಕೀಗಳು ಬಿಲ್ಲೆಯ ಹಾಗೆ ಚಪ್ಪಟೆ, ಒಂದಕ್ಕೊಂದು ಅಂಟಿಕೊಂಡಂತೆ ಇದ್ದವು. ಬೆರಳು ಒಂದರ ಮೇಲೆ ಇಟ್ಟರೆ ಪಕ್ಕದ್ದರ ಮೇಲೆ ಜಾರುತ್ತಿತ್ತು. ನಡುಕಕ್ಕೆ ಒಂದೇ ಅಕ್ಷರ ನಾಲ್ಕು ಸಲ ಬೀಳುತ್ತಿತ್ತು. ಅಪ್ಪ ಅಳಿಸಿದ. ಅಳಿಸುವ ಕೀ ಸಹ ನಾಲ್ಕು ಸಲ ಬಿದ್ದು, ಮೊದಲು ಬರೆದದ್ದೂ ಹೋಯಿತು. ಇನ್ನೊಂದು ಸಲ ಬರೆದ. ನಾನು ಪಕ್ಕದಲ್ಲಿ ನಿಂತು, "ಹಗೂರಕ ಒತ್ತು ಅಪ್ಪಾ, ಹಗೂರಕ" ಅನ್ನುತ್ತಿದ್ದೆ. ಈಗ ನೆನೆದರೆ ಆ ಮಾತು ನನಗೇ ಚುಚ್ಚುತ್ತದೆ. ಹಗೂರಕ ಒತ್ತುವುದು ಅವನ ಕೈಯಲ್ಲಿದ್ದಿದ್ದರೆ ಇದೆಲ್ಲ ಯಾಕೆ ಬೇಕಿತ್ತು?

ಅಪ್ಪ ಸಿಟ್ಟಾಗಲಿಲ್ಲ. ಮುಚ್ಚಳ ಮುಚ್ಚಿ, ಒರೆಸಿ, ಡಬ್ಬಿಯೊಳಗೆ ಅದು ಇದ್ದ ಹಾಗೆಯೇ ಇಟ್ಟ. "ಮಾಲಿನೊಳಗ ತಪ್ಪಿಲ್ಲವ್ವಾ. ನಮ್ಮ ಕೆಲಸಕ್ಕ ಬರೂದಿಲ್ಲ ಅಷ್ಟ. ವಾಪಸ್ ಕಳಸು."

ಮುಂದಿನ ಭಾನುವಾರ ಪಿಂಪ್ರಿಯ ಒಂದು ದೊಡ್ಡ ಶೋರೂಮಿಗೆ ಹೋದೆವು. ಈ ಸಲ ಫ್ರಿಜ್ಜಿನ ಮೇಲಿನ ಹಾಳೆ ನನ್ನ ಪರ್ಸಿನಲ್ಲಿತ್ತು. ಟೈ ಕಟ್ಟಿಕೊಂಡಿದ್ದ ಸೇಲ್ಸ್‌ಮನ್ ನನ್ನ ಜೊತೆ ಮಾತ್ರ ಮಾತಾಡಿದ. ಅಪ್ಪ ಕೇಳಿದ ಪ್ರಶ್ನೆಗೂ ನನ್ನ ಮುಖ ನೋಡಿಯೇ ಉತ್ತರ ಹೇಳಿದ. ಅಪ್ಪ ಒಂದೊಂದೇ ಯಂತ್ರದ ಮುಂದೆ ನಿಂತು ತೋರುಬೆರಳಿಂದ ಕೀ ಒತ್ತಿ ನೋಡುತ್ತ ಹೋದ. ಸೇಲ್ಸ್‌ಮನ್ ಅದನ್ನು ಗಮನಿಸಿದ. ಒಳ್ಳೆಯ ಮನಸ್ಸಿನಿಂದಲೇ ಇರಬೇಕು, ಒಂದು ಟ್ಯಾಬ್ಲೆಟ್ ತಂದು, "ಅಂಕಲ್‌ಗೆ ಇದೇ ಸರಿ, ಮುಟ್ಟಿದರೆ ಸಾಕು" ಎಂದು ಹಿಂದಿಯಲ್ಲಿ ಹೇಳಿ, ಅಪ್ಪನ ಕೈ ಹಿಡಿದು ಬೆರಳನ್ನು ಗಾಜಿನ ಮೇಲೆ ಇಟ್ಟ. ಪರದೆ ಹುಚ್ಚು ಹಿಡಿದ ಹಾಗೆ ಹಿಂದೆ ಮುಂದೆ ಓಡಿತು. ಯಾವುದೋ ಹಾಡು ಶುರುವಾಯಿತು. ಸುತ್ತಲಿನ ನಾಲ್ಕು ಜನ ತಿರುಗಿ ನೋಡಿದರು.

ಅಪ್ಪ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ. "ಧನ್ಯವಾದ. ಛಾನ್ ಆಹೆ", ಚೆನ್ನಾಗಿದೆ ಎಂದು ಮರಾಠಿಯಲ್ಲಿ ಹೇಳಿ ಹೊರಗೆ ನಡೆದ. ನಾನು ಹಿಂದೆ ಓಡಿದೆ. ಅವನು ಬಸ್ ಸ್ಟಾಪಿನ ತನಕ ಬಲಗೈಯನ್ನು ಪ್ಯಾಂಟಿನ ಕಿಸೆಯಲ್ಲಿ ಇಟ್ಟುಕೊಂಡೇ ನಡೆದ.

ಆಮೇಲೆ ಹದಿನೈದು ದಿನ ನೆಟ್‌ಬುಕ್ಕಿನ ಮಾತೇ ಬರಲಿಲ್ಲ. ಅತ್ತಿಗೆ ಪತ್ರವೂ ಹೋಗಲಿಲ್ಲ. ಅವ್ವ ಪೆನ್ನು ಹಾಳೆ ತಂದು, "ಹೇಳ್ರಿ, ಈ ಸಲ ಹೇಳಿದ್ದನ್ನಷ್ಟ ಬರೀತೀನಿ" ಅಂದರೂ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಅವ್ವನಿಗೆ ಅದು ತಾಗಿತು. ಆಕೆ ಮಾತಾಡಿ ತಪ್ಪು ತಿದ್ದಿಕೊಳ್ಳುವವಳಲ್ಲ, ಕೆಲಸ ಮಾಡಿ ತಿದ್ದಿಕೊಳ್ಳುವವಳು. ಭಜನೆಯ ಗುಂಪಿನಲ್ಲಿ, ಹಾಲಿನ ಬೂತಿನಲ್ಲಿ, ಕಾಯಿಪಲ್ಲೆಯವಳ ಹತ್ತಿರ, ಎಲ್ಲ ಕಡೆ ವಿಚಾರಿಸಿದಳು. ಒಂದು ದಿನ ಬಂದು ಹೇಳಿದಳು: ಬಿಬವೇವಾಡಿಯಲ್ಲಿ ಒಬ್ಬಾಕೆ ಇದ್ದಾಳಂತೆ, ಹಳೆಯ ಲ್ಯಾಪ್‌ಟಾಪ್ ಬಿಚ್ಚಿ, ರಿಪೇರಿ ಮಾಡಿ ಮಾರುತ್ತಾಳಂತೆ, ಸಣ್ಣವೂ ಇವೆಯಂತೆ, ಮನಸ್ಸಿಗೆ ಬರುವ ತನಕ ಕೂತು ನೋಡಬಹುದಂತೆ.

"ಹಳೇ ಮಾಲಾ?" ಅಂದ ಅಪ್ಪ.

"ನಾವೇನ ಹೊಸಾ ಮಾಲ ಏನ್ರಿ?" ಅಂದಳು ಅವ್ವ.

ಅಪ್ಪ ನಕ್ಕ. ಹದಿನೈದು ದಿನದಲ್ಲಿ ಮೊದಲ ಸಲ.

ಪಿಂಪ್ರಿಯಿಂದ ಸ್ವಾರಗೇಟಿನ ತನಕ ಮೆಟ್ರೋದಲ್ಲಿ ಹೋಗಿ, ಅಲ್ಲಿಂದ ರಿಕ್ಷಾ ಮಾಡಿದೆವು. ಅವ್ವನೂ ಬಂದಳು. ಬೇಡವೆಂದರೂ ಪುಟಾಣಿ ಚಟ್ನಿ ಹಚ್ಚಿದ ಚಪಾತಿಯ ಡಬ್ಬಿ ಕಟ್ಟಿಕೊಂಡಿದ್ದಳು. ಅಂಗಡಿ ಸಿಕ್ಕಿದ್ದು ಒಂದು ಮಾರ್ಕೆಟ್ಟಿನ ಒಳಗಲ್ಲಿಯಲ್ಲಿ, ಬಳೆ ಅಂಗಡಿ ಮತ್ತು ಹಿಟ್ಟಿನ ಗಿರಣಿಯ ನಡುವೆ. ಒಳಗೆ ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಗಿರಣಿ ತಿರುಗಿದಾಗ ಅಂಗಡಿಯ ಗೋಡೆಯೂ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಅಂಗಡಿಯಾಕೆಗೆ ಐವತ್ತರ ಹತ್ತಿರ ವಯಸ್ಸು. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು, ಬಿಚ್ಚಿದ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಸ್ಕ್ರೂ ಹಾಕುತ್ತಿದ್ದಳು. ಅಪ್ಪ ನಮಸ್ಕಾರ ಮಾಡಿ, ಮರಾಠಿಯಲ್ಲಿ ತನಗೆ ಬೇಕಾದ್ದನ್ನು ಹೇಳಿದ. ಆಕೆ ಅಪ್ಪನನ್ನೇ ನೋಡಿ ಕೇಳಿದಳು: "ಏನು ಕೆಲಸಕ್ಕೆ ಬೇಕು, ಕಾಕಾ?"

"ಪತ್ರ ಬರೆಯಲು."

"ಅಷ್ಟೇನಾ?"

"ಅಷ್ಟೇ."

ಆಕೆ ಮೇಲಿನ ಹಲಗೆಯಿಂದ ನಾಲ್ಕು ಸಣ್ಣ ಯಂತ್ರಗಳನ್ನು ಇಳಿಸಿದಳು. ಯಾವುದೋ ಶಾಲೆಗೆಂದು ಒಟ್ಟಿಗೆ ಕೊಂಡವಂತೆ, ಶಾಲೆ ಹೊಸವನ್ನು ತರಿಸಿದಾಗ ಇವು ಆಕೆಗೆ ಸಿಕ್ಕವಂತೆ. ಹನ್ನೊಂದು ಇಂಚು. ಕಪ್ಪು ಪ್ಲಾಸ್ಟಿಕ್ಕಿನ ದಪ್ಪ ಮೈ, ಅಂಚಿಗೆ ರಬ್ಬರು. ನೋಡಲು ಏನೇನೂ ಚೆಂದವಿಲ್ಲ. ಒಂದರ ಮುಚ್ಚಳದ ಮೇಲೆ ಯಾರೋ ಅಂಟಿಸಿದ ಹುಲಿಯ ಚಿತ್ರ ಅರ್ಧ ಹರಿದಿತ್ತು. ಆದರೆ ಕೀಗಳು ಹಳೆಯ ಕಾಲದವು. ನಡುವೆ ಸಣ್ಣ ಕುಳಿ, ಒಂದರಿಂದ ಒಂದಕ್ಕೆ ಅಂತರ, ಒತ್ತಿದರೆ ಕೆಳಗೆ ಹೋಗಿ ಬರುವುದು ಬೆರಳಿಗೆ ತಿಳಿಯುತ್ತಿತ್ತು.

"ಒಂದ ಬೇಕಾಗಿರೋದು. ಆದ್ರ ನಾಲ್ಕೂ ನೋಡ್ತೀನಿ, ನಡೀತದ?" ಎಂದು ಅಪ್ಪ ಕೇಳಿದ್ದು ಕನ್ನಡದಲ್ಲಿ. ಗಡಿಬಿಡಿಯಲ್ಲಿ ಭಾಷೆ ತಪ್ಪಿತ್ತು. ನಾನು ಮರಾಠಿಯಲ್ಲಿ ಹೇಳಿದೆ. ಆಕೆ ನಕ್ಕು, ಸ್ಟೂಲು ಒರೆಸಿ ಕೊಟ್ಟಳು.

ಆ ಮಧ್ಯಾಹ್ನ ನನ್ನ ಅಪ್ಪ ಕೆಲಸ ಮಾಡುವುದನ್ನು ನಾನು ಮೊದಲ ಸಲ ನೋಡಿದೆ. ಅಷ್ಟು ವರ್ಷ ಕಾರ್ಖಾನೆಗೆ ಹೋಗಿ ಬಂದವನು, ಅಲ್ಲಿ ಏನು ಮಾಡುತ್ತಿದ್ದ ಎನ್ನುವುದನ್ನು ನಾನು ಕಂಡಿರಲಿಲ್ಲ. ನಾಲ್ಕನ್ನೂ ಸಾಲಾಗಿ ಇಟ್ಟ. ಕಿಸೆಯಿಂದ ಭೂತಗನ್ನಡಿ ತೆಗೆದ. ಮೊದಲು ತಿರುಗಣಿ. ಎಡಗೈಯಲ್ಲಿ ತಳ ಹಿಡಿದು, ಮುಚ್ಚಳವನ್ನು ಅರ್ಧಕ್ಕೆ ಎತ್ತಿ ಬಿಟ್ಟ. ಎರಡು ಅಲ್ಲೇ ನಿಂತವು, ಎರಡು ಜಾರಿದವು. ಜಾರಿದ ಎರಡನ್ನು ಪಕ್ಕಕ್ಕೆ ಸರಿಸಿದ. ಉಳಿದ ಎರಡರ ಕೀಗಳ ಸಾಲನ್ನು, ಕಣ್ಣು ಟೇಬಲ್ಲಿನ ಮಟ್ಟಕ್ಕೆ ಇಳಿಸಿ ನೋಡಿದ. ಒಂದರಲ್ಲಿ ಮೇಲಿನ ಸಾಲಿನ ಒಂದು ಕೀ ಮೇಲೆ ಕೈ ಇಡದೆಯೇ, "ಇದು ಒಂದು ಕೂದಲೆಳೆ ಮ್ಯಾಲ ಅದ" ಅಂದ. ನನಗೆ ಏನೂ ಕಾಣಲಿಲ್ಲ. ಅಂಗಡಿಯಾಕೆ ಕನ್ನಡಕ ಇಳಿಸಿಕೊಂಡು ಬಗ್ಗಿ ನೋಡಿದಳು. ಸಣ್ಣ ಚಿಮಟದಿಂದ ಆ ಕೀಯನ್ನು ಎಬ್ಬಿಸಿದಳು. ಕೆಳಗೆ ಒಂದು ಸಾಸಿವೆಯಷ್ಟು ರಬ್ಬರಿನ ಚೂರು ಸಿಕ್ಕಿಕೊಂಡಿತ್ತು.

"ಕಾಕಾ, ನಾಳೆಯಿಂದ ಇಲ್ಲಿ ಕೆಲಸಕ್ಕೆ ಬನ್ನಿ" ಅಂದಳು.

"ಪಗಾರ ಎಷ್ಟು ಕೊಡ್ತೀಯಂತ ಕೇಳ್ರಿ" ಎಂದು ಅವ್ವ ಬಾಗಿಲಿನಿಂದ ಕೂಗಿದಳು. ಆಕೆಗೆ ಒಳಗೆ ಜಾಗ ಸಿಗದೆ, ಬಳೆ ಅಂಗಡಿಯವಳ ಜೊತೆ ಕೂತು ಆಗಲೇ ಚಪಾತಿ ಹಂಚಿಕೊಳ್ಳುತ್ತಿದ್ದಳು.

ಕೊನೆಗೆ ಒಂದು ಉಳಿಯಿತು, ಹುಲಿಯ ಚಿತ್ರದ್ದೇ. ಅಪ್ಪ ಅದನ್ನು ತೊಡೆಯ ಮೇಲೆ ಇಟ್ಟುಕೊಂಡ. ಅಂಗಡಿಯಾಕೆ ಬರೆಯುವ ಪುಟ ತೆರೆದು ಕೊಟ್ಟಳು. ಅದರಲ್ಲಿ ಕನ್ನಡ ಇನ್ನೂ ಇರಲಿಲ್ಲ. ಅಪ್ಪ ಇಂಗ್ಲಿಷಿನ ಓ ಮತ್ತು ಕೆ, ಆ ಎರಡೇ ಅಕ್ಷರ ಒತ್ತಿದ. ಕಾರ್ಖಾನೆಯಲ್ಲಿ ಪಾಸಾದ ಮಾಲಿನ ಮೇಲೆ ಅವನು ಬರೆಯುತ್ತಿದ್ದದ್ದು ಅದೇ ಎರಡು ಅಕ್ಷರ. ಪರದೆಯ ಮೇಲೆ ಮೂರು ಓ ಬಿದ್ದವು, ಎರಡು ಕೆ ಬಿದ್ದವು. ಬೆರಳು ಪಕ್ಕಕ್ಕೆ ಜಾರಿರಲಿಲ್ಲ, ಅಷ್ಟು ಮಟ್ಟಿಗೆ ಕೀಗಳು ಪಾಸು. ಆದರೆ ನಡುಕ ನಡುಕವೇ. ಅಪ್ಪ ಅಳಿಸಿ ಇನ್ನೊಮ್ಮೆ ಒತ್ತಿದ. ಎರಡು ಓ, ನಾಲ್ಕು ಕೆ.

ಅಪ್ಪ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತ. ಇಲ್ಲಿಂದಲೂ ಬರಿಗೈಯಲ್ಲಿ ಹೋಗುವುದೇ ಎಂದು ನಾನು ಪರ್ಸಿನ ಪಟ್ಟಿ ತಿರುವುತ್ತ ನಿಂತೆ.

ಅಂಗಡಿಯಾಕೆ ಅಪ್ಪನ ಕೈಯನ್ನೂ ಪರದೆಯನ್ನೂ ನೋಡಿದಳು. "ಕೊಡಿ ಇಲ್ಲಿ" ಎಂದು ಯಂತ್ರ ತೆಗೆದುಕೊಂಡು, ಸೆಟ್ಟಿಂಗಿನ ಒಳಗೆ ಹೋಗಿ ಏನೋ ಮಾಡಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ತಿರುಗಿ ಅಪ್ಪನ ತೊಡೆಯ ಮೇಲೆ ಇಟ್ಟು, "ಈಗ ಹೊಡೆಯಿರಿ" ಅಂದಳು.

ಅಪ್ಪ ಒತ್ತಿದ. ಒಂದು ಓ. ಒಂದು ಕೆ.

ನಂಬದೆ ಇನ್ನೊಮ್ಮೆ ಒತ್ತಿದ. ಬೆರಳು ಅದೇ ಮೊದಲಿನ ಹಾಗೆ ಕೀಯ ಮೇಲೆ ಕುಣಿಯುತ್ತಿತ್ತು, ನಾನು ನೋಡುತ್ತಿದ್ದೆ. ಪರದೆಯ ಮೇಲೆ ಮಾತ್ರ ಒಂದು ಓ, ಒಂದು ಕೆ.

"ಏನು ಮಾಡಿದಿರಿ?" ಎಂದು ನಾನು ಕೇಳಿದೆ.

"ನಾನೇನೂ ಮಾಡಿಲ್ಲ, ಎಲ್ಲ ಕಂಪ್ಯೂಟರಿನಲ್ಲೂ ಇರುತ್ತದೆ" ಅಂದಳು ಆಕೆ. "ಒಂದು ಕೀ ಒತ್ತಿದ ಮೇಲೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಕೀ ಮತ್ತೆ ಬಿದ್ದರೆ ಲೆಕ್ಕಕ್ಕೆ ಹಿಡಿಯಬೇಡ ಎಂದು ಹೇಳಿ ಇಡುವುದು. ನನ್ನ ತಾಯಿಗೂ ಕೈ ಹೀಗೇ ಇತ್ತು. ಅವಳಿಗಾಗಿ ಹುಡುಕಿದ್ದೆ."

ಒಳ್ಳೊಳ್ಳೆಯ ಸಾಫ್ಟ್‌ವೇರುಗಳಲ್ಲಿ ತಪ್ಪು ಹುಡುಕಿ ಹುಡುಕಿ ಪಗಾರ ತೆಗೆದುಕೊಳ್ಳುವವಳು ನಾನು. ದಿನಕ್ಕೆ ಹತ್ತು ತಾಸು ಅದೇ ಸೆಟ್ಟಿಂಗಿನ ಪಕ್ಕದಲ್ಲೇ ಓಡಾಡಿದ್ದೇನೆ. ಒಮ್ಮೆಯೂ ಆ ಬಾಗಿಲು ತೆಗೆದು ನೋಡಿರಲಿಲ್ಲ. ಬೆಳ್ಳಿ ಬಣ್ಣದ ಯಂತ್ರದ ಮುಂದೆ ಅಪ್ಪ ಕೂತಿದ್ದಾಗ ನಾನು ಹುಡುಕಿದ್ದು ಅವನ ಬೆರಳಿನಲ್ಲಿ ತಪ್ಪು. ನನಗೆ ಅಲ್ಲಿ ನಿಲ್ಲಲಾಗದಷ್ಟು ನಾಚಿಕೆಯಾಯಿತು. ಅಪ್ಪನಿಗೆ ಆ ಯೋಚನೆಯೇ ಇರಲಿಲ್ಲ. ಅವನ ಮುಖ ಅರಳಿತ್ತು.

"ಟಾಲರನ್ಸ್!" ಅಂದ ನನ್ನ ಕಡೆ ತಿರುಗಿ. "ತಿಳೀತಿಲ್ಲ? ಡ್ರಾಯಿಂಗಿನ್ಯಾಗ ಬರೀತಾರಲ್ಲ, ಅಳತಿ ಇಷ್ಟ ಹೆಚ್ಚು ಕಡಿಮಿ ಆದ್ರೂ ಪಾಸ್ ಮಾಡಂತ. ಈಕಿ ಮಷೀನಿಗೆ ಟಾಲರನ್ಸ್ ಕೊಟ್ಟಾಳ ನೋಡು. ಟಾಲರನ್ಸ್ ಇಲ್ಲದ ಡ್ರಾಯಿಂಗ್ ತಗೊಂಡು ಯಾವ ಮಾಲೂ ಪಾಸ್ ಆಗೂದಿಲ್ಲವ್ವಾ."

ಬೆಲೆ ಅಪ್ಪ ಹೇಳಿದ್ದಕ್ಕಿಂತ ಕಡಿಮೆಯೇ ಆಯಿತು. ಅವ್ವ ಇನ್ನೂ ಐದು ನೂರು ಇಳಿಸಲು ನೋಡಿದಳು. ಅಪ್ಪ ಕಣ್ಣು ಬಿಟ್ಟ. ಅವ್ವ ಸುಮ್ಮನಾದಳು, ಆದರೆ ಒಂದು ಬಟ್ಟೆಯ ಚೀಲವನ್ನು ಬಿಟ್ಟಿ ಇಸಿದುಕೊಂಡೇ ಹೊರಟಳು. ಮೆಟ್ರೋದಲ್ಲಿ ಅಪ್ಪ ಆ ಚೀಲವನ್ನು ಯಾರಿಗೂ ಕೊಡಲಿಲ್ಲ. ಕೂಡಲು ಜಾಗ ಸಿಕ್ಕ ಮೇಲೆ ತೊಡೆಯ ಮೇಲಿಟ್ಟುಕೊಂಡು, ಮೇಲಿಂದ ಎರಡೂ ಕೈ ಇಟ್ಟ.

ಮನೆಯಲ್ಲಿ ನಾನು ಅದಕ್ಕೆ ಕನ್ನಡ ಹಾಕಿ ಕೊಟ್ಟೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಹಾಗೆ. ಅದು ನಿಧಾನದ ಯಂತ್ರ. ಗುಂಡಿ ಒತ್ತಿದರೆ ಎಚ್ಚರವಾಗಲು ಬಹಳ ಹೊತ್ತು ಬೇಕು. ಅಪ್ಪ ಬೆಳಿಗ್ಗೆ ಗುಂಡಿ ಒತ್ತಿ ಸ್ನಾನಕ್ಕೆ ಹೋಗುತ್ತಿದ್ದ. "ನಾ ಮೈ ಒರಸಿಕೊಂಡು ಬರೋದ್ರಾಗ ಅದೂ ಎದ್ದಿರ್ತದ. ಇಬ್ಬರದೂ ಒಂದ ಟೈಮ್" ಅನ್ನುತ್ತಿದ್ದ. ನಾನು ಒಳಗಿನ ಒಂದು ಭಾಗ ಬದಲಿಸಿ ವೇಗ ಮಾಡಿಸುತ್ತೇನೆಂದೆ. ಏನೂ ಬೇಡವೆಂದ.

ಒಂದೇ ಒಂದು ತೊಡಕು ಇತ್ತು. ಅಕ್ಕ ಎಂದು ಬರೆಯಬೇಕಾದರೆ ಒಂದೇ ಕೀಯನ್ನು ಎರಡು ಸಲ ಒತ್ತಬೇಕು. ಬೇಗ ಬೇಗ ಒತ್ತಿದರೆ ಯಂತ್ರ ಎರಡನೆಯದನ್ನು ನಡುಕವೆಂದು ತಿಳಿದು ಬಿಟ್ಟುಬಿಡುತ್ತಿತ್ತು. ಅಪ್ಪ ತಾನೇ ಉಪಾಯ ಕಂಡುಕೊಂಡ. ಒಂದು ಸಲ ಒತ್ತುವುದು, ಬೆರಳು ಪೂರ್ತಿ ಎತ್ತುವುದು, ಉಸಿರು ಬಿಡುವುದು, ಆಮೇಲೆ ಇನ್ನೊಂದು ಸಲ. ಬಾಲ್ಕನಿಯಿಂದ ಆ ಎರಡು ಸಪ್ಪಳ ದೂರ ದೂರ ಕೇಳಿಸಿದರೆ, ಪತ್ರ ಶುರುವಾಯಿತು ಎಂದು ಅವ್ವ ಒಳಗಿನಿಂದಲೇ ಹೇಳುತ್ತಿದ್ದಳು.

ಮೊದಲ ಪತ್ರಕ್ಕೆ ಒಂಬತ್ತು ದಿನ ಹಿಡಿಯಿತು. ಒಂದೂವರೆ ಪುಟ. ಪೇರಲ ಗಿಡ ಬಂತು, ಭೋರ್‌ನ ಗೆಳೆಯನ ಹೊಲ ಬಂತು, ಗೆಳೆಯ ಅಲ್ಲಿನ ಅಕ್ಕಿ ತಂದುಕೊಟ್ಟದ್ದು ಬಂತು, ಅವ್ವ ಅದರಲ್ಲಿ ಮಾಡಿದ ಮೊಸರನ್ನ ಬಂತು. ಬಿಬವೇವಾಡಿಯ ಅಂಗಡಿಯಾಕೆಯ ವಿಷಯ ಒಂದು ಇಡೀ ಪ್ಯಾರಾ ಇತ್ತು. ಕೈ ನಡುಗುವ ಮಾತೂ ಇತ್ತು. ಅದನ್ನು ಅವನು ಯಾರಿಗೂ ತಾನಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. 'ಅಕ್ಕ, ನನ್ನ ಕೈ ಈಗ ನಡುಗತದ. ಬರೆಯೋದು ನಿಲ್ಲಿಸಿದ್ದು ಅದಕ್ಕ. ನಿನಗ ನನ್ನ ಕೆಟ್ಟ ಅಕ್ಷರ ತೋರಸಬಾರದಂತ ಇತ್ತು.' ಇಷ್ಟೇ, ಮುಂದಿನ ಸಾಲಿಗೆ ಮತ್ತೆ ಪೇರಲ ಹಣ್ಣು.

ನಾನು ಅದನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಮೂಲೆಯ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿದೆ. ಚೆಂದ ಕಾಣಲೆಂದು ಕವರಿನ ಮೇಲೆ ವಿಳಾಸವನ್ನೂ ಪ್ರಿಂಟ್ ಮಾಡಿಸಿದೆ. ಕವರು ಅಂಟಿಸುವ ಮೊದಲು ಅವ್ವ ಪೆನ್ನು ತೆಗೆದುಕೊಂಡು ಬಂದು, ಕೆಳಗೆ ಉಳಿದ ಜಾಗದಲ್ಲಿ ಮಾತ್ರೆ ಮತ್ತು ಉಪ್ಪಿನಕಾಯಿಯ ಬಗ್ಗೆ ಎರಡು ಸಾಲು ಬರೆದಳು. ಅಪ್ಪ ನೋಡಿಯೂ ನೋಡದವನ ಹಾಗೆ ಕೂತಿದ್ದ.

ವಾರವಾಯಿತು, ಹತ್ತು ದಿನವಾಯಿತು, ಉತ್ತರವಿಲ್ಲ. ಅಪ್ಪ ದಿನಾ ಮಧ್ಯಾಹ್ನ ಕೆಳಗಿಳಿದು ಟಪಾಲು ಡಬ್ಬಿ ನೋಡಿ ಬರುತ್ತಿದ್ದ. ಹನ್ನೆರಡನೆಯ ದಿನ ಅತ್ತಿಯ ಪತ್ರ ಬಂತು. ಅಪ್ಪ ನಿಂತುಕೊಂಡೇ ಓದಿದ. ಓದುತ್ತ ಓದುತ್ತ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

ಪ್ರಿಂಟ್ ಮಾಡಿದ ಕವರು ನೋಡಿ ಅತ್ತಿ ಅದನ್ನು ಬ್ಯಾಂಕಿನ ನೋಟಿಸ್ ಎಂದು ತಿಳಿದು, ದೇವರ ಮನೆಯಲ್ಲಿಟ್ಟು, ಮೂರು ದಿನ ಒಡೆದೇ ಇರಲಿಲ್ಲ. ಮಗ ಏನು ಸಾಲ ಮಾಡಿದ್ದಾನೋ ಎಂದು ಅವನ ಜೊತೆ ಮಾತೂ ಬಿಟ್ಟಿದ್ದಳು. ನಾಲ್ಕನೆಯ ದಿನ ಮೊಮ್ಮಗಳು ಒಡೆದು, 'ಅಕ್ಕ' ಎನ್ನುವ ಮೊದಲ ಶಬ್ದ ತೋರಿಸಿದಳಂತೆ. 'ಒಳಗಿಂದು ನೀನ ಬರದಿ ಅಂತ ಎರಡನೇ ಸಾಲಿಗೇ ಗೊತ್ತಾತು' ಎಂದು ಅತ್ತಿ ಬರೆದಿದ್ದಳು. 'ವರ್ಷಾತು ನೀ ಮಾತಾಡಿದ್ದು ಕೇಳಿರಲಿಲ್ಲ. ಮಷೀನಿನಿಂದ ಬರದರೂ ನಡೀತದ, ಹಿಂಗ ಉದ್ದಾಗಿ ಬರಿ. ಆದ್ರ ಕವರಿನ ಮ್ಯಾಲಿನ ವಿಳಾಸ ಕೈಯಿಂದನ ಬರೀಬೇಕು. ಅಕ್ಷರ ನಡುಗಿದ್ರ ನಡುಗಲಿ. ನನಗ ಮುಂಬಾಗಿಲದಾಗ ನಿಂತಾಗ ಗೊತ್ತಾಗಬೇಕು, ಇದು ನನ್ನ ತಮ್ಮಂದಂತ.'

ಮುಂದಿನ ಪತ್ರ ಐದೇ ದಿನದಲ್ಲಿ ತಯಾರಾಯಿತು. ಕವರಿಗೆ ಒಂದು ಇಡೀ ಬೆಳಿಗ್ಗೆ ಬೇಕಾಯಿತು. ಅಪ್ಪ ಊಟದ ಟೇಬಲ್ಲಿನ ಮೇಲೆ ಮೊಣಕೈ ಊರಿ, ಸ್ಟೀಲ್ ಪಟ್ಟಿಯನ್ನು ಗೆರೆಯ ಹಾಗೆ ಇಟ್ಟುಕೊಂಡು, ಇಲ್ಲಿನ ಪೋಸ್ಟಿನವರು ಓದಬೇಕೆಂದು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆದ. ಅಕ್ಷರಗಳ ತಳ ನೇರವಾಗಿತ್ತು, ತಲೆಗಳು ಗಾಳಿಗೆ ಸಿಕ್ಕ ಜೋಳದ ತೆನೆಯ ಹಾಗೆ ಆ ಕಡೆ ಈ ಕಡೆ ವಾಲಿದ್ದವು. ಬರೆದು ಮುಗಿಸಿ ದೂರ ಹಿಡಿದು ನೋಡಿದ. ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾನೇನೋ ಎಂದು ನಾನು ಹೆದರಿದೆ. ಹಾಕಿಕೊಳ್ಳಲಿಲ್ಲ, ನನ್ನ ಕೈಗೆ ಕೊಟ್ಟ.

ಕಳೆದುಹೋಗಬಾರದೆಂದು ನಾನು ಅದನ್ನು ರಿಜಿಸ್ಟರ್ ಮಾಡಿಸಲು ಪೋಸ್ಟಿನ ಕೌಂಟರಿಗೆ ಕೊಟ್ಟೆ. ಅಲ್ಲಿದ್ದಾಕೆ ವಿಳಾಸವನ್ನು ಕಂಪ್ಯೂಟರಿಗೆ ಹಾಕಿಕೊಳ್ಳುತ್ತ, ಒಂದೊಂದು ಸಾಲನ್ನೂ ಬಾಯಿಬಿಟ್ಟು ಓದಿದಳು. ಎಲ್ಲಿಯೂ ತಡವರಿಸಲಿಲ್ಲ.

ಮನೆಗೆ ಬಂದರೆ ಅಪ್ಪ ಬಾಗಿಲಿನಲ್ಲೇ ನಿಂತಿದ್ದ.

"ಪೋಸ್ಟಿನವರು ಓದಿದರ?"

"ಓದಿದರು."

"ಪಿನ್‌ಕೋಡ್ ಸಹಿತ?"

"ಪಿನ್‌ಕೋಡ್ ಸಹಿತ, ಅಪ್ಪಾ."

ಅಪ್ಪ ಹಾಗಾದರೆ ಸರಿ ಎನ್ನುವ ಹಾಗೆ ತಲೆ ಆಡಿಸಿ, ಅವ್ವನನ್ನು ಕರೆದು ಚಹಾ ಇಡಲು ಹೇಳಿದ.